ಅತ್ತೆಯ ಚೈನಿ

ಇಲ್ಲಿ ಬರೆಯುವುದರಲ್ಲಿ ಒಂದೆರಡು ವಿವರ ತಪ್ಪಿರಬಹುದು; ಅತ್ತೆಯ ನಾರಾಯಣಪೇಟೆ ಸೀರೆಯ ಬಣ್ಣವನ್ನಂತೂ ಯಾವುದೋ ಫೋಟೋದಿಂದ ಕದ್ದು ನೆನಪಿಗೆ ಉಡಿಸಿದ್ದೇನೆಂಬ ಗುಮಾನಿ ನನಗೇ ಇದೆ. ಕಳೆದ ವಾರ ಊಟವಾದ ಮೇಲೆ ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದೆ. ‘ಏನು ಚೈನಿ ನಿನ್ನದು’ ಎಂದು ನನಗೆ ನಾನೇ ಅಂದುಕೊಂಡೆ. ನಿದ್ದೆ ಅಲ್ಲಿಗೆ ಹೋಯಿತು.

ಚೈನಿ ಎಂದರೆ ನಮ್ಮ ಕಡೆ ಅಳತೆ ಮೀರಿದ ಸುಖ: ಹೊತ್ತೇರುವ ತನಕ ಮಲಗುವುದು, ಕೇಳಿ ಎರಡನೆಯ ಸಲ ಚಹಾ ಕುಡಿಯುವುದು. ಅದರ ಮೂಲವಾದ ಉರ್ದುವಿನ ‘ಚೈನ್’ ಬರೀ ನೆಮ್ಮದಿ ಎಂದು ತಿಳಿದದ್ದು ಹೈದರಾಬಾದಿನಲ್ಲಿ ಎಂ.ಎ. ಓದುವಾಗ. ನೆಮ್ಮದಿ ಎಲ್ಲಿ ಅಪರಾಧವಾಯಿತೆಂದು ನಿಘಂಟು ಹೇಳುವುದಿಲ್ಲ. ಮಕ್ತಲ್‌ನ ನಮ್ಮ ಪಡಸಾಲೆ ಹೇಳೀತು.

ಗದ್ವಾಲಿಗೆ ಕೊಟ್ಟಿದ್ದ ಅತ್ತೆ, ಎಂದರೆ ಅಪ್ಪನ ತಂಗಿ, ವರ್ಷಕ್ಕೊಮ್ಮೆ ತವರಿಗೆ ಬರುತ್ತಿದ್ದಳು. ಬಂದ ಮಗಳು ಕೆಲಸ ಮುಟ್ಟುವಂತಿರಲಿಲ್ಲ. ಅಜ್ಜಿ ಅವಳ ನೆತ್ತಿಗೆ ಹರಳೆಣ್ಣೆ ಒತ್ತಿ, “ಮಲಕೋ ಮಗಳ, ನಾಕ್ ದಿನ ಚೈನಿ ಮಾಡು” ಅನ್ನುತ್ತಿದ್ದಳು. ಅತ್ತೆ ನನ್ನನ್ನೂ ಪಕ್ಕಕ್ಕೆ ಎಳೆದುಕೊಂಡು ಮಲಗುತ್ತಿದ್ದಳು. ಆ ಎಣ್ಣೆಯ ವಾಸನೆ ಮಾತ್ರ ನಾನು ಎಲ್ಲಿಂದಲೂ ಕದ್ದದ್ದಲ್ಲ.

ಆದರೆ ಗದ್ವಾಲಿನವರು ಬಂದಾಗ ಮನೆಯ ನಡೆಯೇ ಬೇರೆ. ಮಗಳು ಸೆರಗು ಹೊದ್ದು, ಮೊರ ಹಿಡಿದು ಅಕ್ಕಿ ಆರಿಸುತ್ತ ಕೂರಬೇಕು. ಬಂದಂದಿನಿಂದ ಅವಳು ಹೀಗೇ ಕೂತಿದ್ದಾಳೆಂದು ಉಳಿದವರೆಲ್ಲ ನಂಬಿಸಬೇಕು. ಇದನ್ನು ಯಾರೂ ನನಗೆ ಹೇಳಿರಲಿಲ್ಲ. “ನಮ್ಮ ಸೊಸಿ ಏನ್ ಮಾಡ್ತಾಳವ್ವ ಇಲ್ಲಿ?” ಎಂದು ಅತ್ತೆಯ ಅತ್ತೆ ಕೇಳಿದಾಗ, ಆರು ವರ್ಷದ ಜಾಣೆ ನಾನು, “ಅತ್ತಿ ದಿನಾ ಚೈನಿ ಮಾಡ್ತಾಳ್ರಿ” ಎಂದೆ.

ಅಜ್ಜಿ ಚಹಾ ಸೋಸುವುದನ್ನು ನಿಲ್ಲಿಸಿದಳು.

“ಛಲೋ ಆತು ಬಿಡ್ರಿ,” ಎಂದು ಮುದುಕಿ ನಕ್ಕಳು. “ಅಲ್ಲಿ ನಾ ಒಬ್ಬಾಕಿನ ಒಲಿ ಮುಂದ ಸಾಯಾಕತ್ತೀನಿ. ಇಕಿ ಚೈನಿ ಮಾಡಾಕ ಬಂದಾಳ.”

ಮರುದಿನದ ಬಸ್ಸಿಗೇ ಅತ್ತೆ ಹೊರಟಳು. ಆಮೇಲೆ ಬಂದಾಗಲೆಲ್ಲ ಮುಂಜಾನೆ ಬಂದು ಸಂಜೆಗೆ ಹಿಂತಿರುಗಿದಳು. ಅಥವಾ ನನಗೆ ಹಾಗೆ ನೆನಪು. ಅವಳ ಬಾಳಿನಲ್ಲಿ ನನ್ನ ಒಂದು ಮಾತಿಗೆ ಅಷ್ಟು ತೂಕವಿತ್ತೆಂದು ಬೀಗುವ ಚಟವೂ ಇದ್ದೀತು.

ಕಳೆದ ವಾರ ಮಲಗಿದಲ್ಲಿಂದಲೇ ಗದ್ವಾಲಿಗೆ ಫೋನು ಮಾಡಿದೆ. ಈಗ ಆ ಮನೆಗೆ ಅತ್ತೆಯೇ ಹಿರಿಯಳು.

“ಅತ್ತಿ, ಅವತ್ತು ನಾ ಹಂಗ ಅಂದಿದ್ದಕ್ಕೇನು, ನಿನ್ನ ತವರಾಗ ಇರಾಕ ಬಿಡ್ಲಿಲ್ಲ?”



“ತಡಿಯವ್ವ, ಒಲಿ ಮ್ಯಾಲ ಹಾಲ್ ಐತಿ,” ಎಂದು ಫೋನಿಟ್ಟಳು.

ಎಂಟು ದಿನವಾಯಿತು. ಊಟವಾದ ಮೇಲೆ ಈಗಲೂ ಮಲಗುತ್ತೇನೆ, ಫೋನನ್ನು ದಿಂಬಿನ ಪಕ್ಕ ಇಟ್ಟುಕೊಂಡು. ಆ ಹಾಲು ಇನ್ನೂ ಒಲೆಯಿಂದ ಇಳಿದಿಲ್ಲ.