ಮೂರನೇ ಬಾಗಿಲ ಕಾವಲುಗಾರ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗುರಾಣಿಯಮ್ಮ ಅನ್ನುತ್ತಿದ್ದರು. ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಅಲ್ಲಿ ತಯಾರಾಗುತ್ತಿದ್ದ ವಿಡಿಯೋ ಗೇಮಿನಲ್ಲಿ ವೈರಿಗಳು ಎಷ್ಟು ಏಟು ತಡೆದುಕೊಳ್ಳಬೇಕು, ಯಾವಾಗ ಮಣ್ಣು ಮುಕ್ಕಬೇಕು ಅಂತ ತೀರ್ಮಾನಿಸುವುದೇ ಅವಳ ಉದ್ಯೋಗ. ಆಡಿ ಆಡಿ ಅವಳ ಕೈ ಎಷ್ಟು ಪಳಗಿತ್ತೆಂದರೆ ಅವಳಿಗೆ ಯಾವುದೂ ಕಷ್ಟ ಅನ್ನಿಸುತ್ತಿರಲಿಲ್ಲ. ಅದಕ್ಕೇ ಪರೀಕ್ಷೆಗೆ ಕೂರುವಾಗ ಬಿಸಿ ಪಾತ್ರೆ ಇಳಿಸುವ ದಪ್ಪ ಕೈಗವಸು ತೊಟ್ಟು ಆಡುವಳು. ಕೈಗವಸಿನಲ್ಲಿ ಗೆದ್ದರೆ ಹೊಸಬರೂ ಗೆಲ್ಲುತ್ತಾರೆ ಅಂತ ಲೆಕ್ಕ. ನಗುವವರು ನಗಲಿ, ಅವಳಿಗೇನು!

ಮೂರನೇ ಬಾಗಿಲ ಕಾವಲುಗಾರನನ್ನು ಅವಳು ಮೂರು ವರ್ಷ ತಿದ್ದಿ ತೀಡಿದ್ದಳು. ಅವನ ಸುತ್ತ ನೀಲಿ ಬೆಳಕಿನ ಪೊರೆ, ಒಳಗೆ ಕಬ್ಬಿಣದ ಕವಚ, ಅದರೊಳಗೆ ಜೀವ. ಆಡುವವನ ಜೊತೆಗೆ ಇಬ್ಬರು ಸಂಗಾತಿಗಳು, ಒಬ್ಬಳು ಹುಡುಗಿ, ಒಬ್ಬ ದಾಂಡಿಗ; ಅವರವರ ಗುಂಡಿ ಒತ್ತಿದರಷ್ಟೇ ಏಟು ಹಾಕುವರು. ಬೆಳಕು ಒಡೆಯುವುದು ಹುಡುಗಿಯ ಮಿಂಚಿಗೆ, ಕಬ್ಬಿಣ ಸೀಳುವುದು ದಾಂಡಿಗನ ಸುತ್ತಿಗೆಗೆ. ಆಮೇಲಷ್ಟೇ ಆಡುವವನ ಗುಂಡು ನಾಟುವುದು.

ಆಡಿ ನೋಡಲು ಕರೆಸಿದ ಹನ್ನೆರಡು ಜನರಲ್ಲಿ ಒಂಬತ್ತು ಜನ ಅವನೆದುರು ಸೋತು ಎದ್ದುಹೋದರು.

"ನೋಡಮ್ಮ, ಗುರುವಾರದೊಳಗೆ ಇವನನ್ನ ದಾರಿಗೆ ತಾ. ಇಲ್ಲಾಂದ್ರೆ ಕಿತ್ತು ಹಾಕೋದೇ," ಅಂದರು ಮುಖ್ಯಸ್ಥರು.

ಅವಳು ಅವನ ಬಲವನ್ನು ಅರ್ಧಕ್ಕೆ ಇಳಿಸಿದಳು. ಬಡಪಾಯಿ ಮೂರೇ ಏಟಿಗೆ ಅಂಗಾತ ಬಿದ್ದ. ಥೂ, ಇದೂ ಒಂದು ಕಾವಲೇ? ಮತ್ತೆ ಏರಿಸಿದರೆ ಮತ್ತೆ ಅದೇ ಗೋಡೆ. ಸಾಕಿ ಬೆಳೆಸಿದವನನ್ನು ತಾನೇ ಹೊರದಬ್ಬಬೇಕಲ್ಲ ಅಂತ ಅವಳಿಗೆ ಅಳು ಬಂತು.

ಮುಖ ಊದಿಸಿಕೊಂಡು ಲ್ಯಾಪ್‌ಟಾಪ್ ಸಮೇತ ಮನೆಗೆ ಬಂದವಳ ಗೋಳು ಕೇಳಿ ಗಂಡ, "ತಾ ಇಲ್ಲಿ, ನಾನೂ ಒಂದು ಕೈ ನೋಡ್ತೀನಿ" ಅಂದ. ಅವನದು ಕಟಿಂಗ್ ಅಂಗಡಿ. ಕತ್ತರಿ ಹಿಡಿದ ಕೈಗೆ ಗೇಮು ಹೊಸದು. ಕೂತವನೇ ಗುಂಡು ಹಾರಿಸುತ್ತ ನೇರ ನುಗ್ಗಿದ, ಸತ್ತ. ಹದಿನೇಳು ಸಲ ಸತ್ತ.

"ಇವರಿಬ್ರೂ ದಂಡಪಿಂಡಗಳ ಥರ ಹಿಂದೆ ಸುಮ್ನೆ ನಿಂತಿದಾರಲ್ಲೇ!"

"ಆ ಬೆಳಕು ಒಡೆಯೋದು ಹುಡುಗಿ ಕೆಲಸ. ನೀವು ಹೇಳಿದ್ರೆ ತಾನೇ ಅವ್ರು ಮಾಡೋದು!"

"ಅದು ಅವಳ ಕೆಲಸ ಅಂತ ನಂಗೇನು ಕನಸು ಬೀಳುತ್ತಾ? ಅವಳಾದ್ರೂ ಬಾಯಿಬಿಟ್ಟು ಹೇಳಬಾರದಾ?"

ಗುರಾಣಿಯಮ್ಮನಿಗೆ ಥಟ್ಟನೆ ಹೊಳೆಯಿತು. ಕೈಗವಸು ತೊಟ್ಟು ಕೈಯನ್ನು ಹೊಸಬರ ಕೈ ಮಾಡಿಕೊಂಡಿದ್ದಳು, ನಿಜ. ಆದರೆ ಯಾವ ಪೊರೆಗೆ ಯಾರ ಏಟು ಅನ್ನುವುದು ತಲೆಗೆ ಮೊದಲೇ ಗೊತ್ತಿತ್ತಲ್ಲ! ಎಂಥ ಪೆದ್ದಿ ನಾನು ಅಂತ ಹಣೆ ಚಚ್ಚಿಕೊಂಡಳು.

ಮರುದಿನ ಕಾವಲುಗಾರನ ಬಲವನ್ನು ಮೊದಲಿನಷ್ಟಕ್ಕೇ ಏರಿಸಿದಳು. ಸಂಗಾತಿಗಳ ಬಾಯಿಗೆ ಒಂದೊಂದು ಮಾತು ಹಾಕಿದಳು, ಅಷ್ಟೆ. ದನಿ ಕೊಡುವ ಕಲಾವಿದೆ ರಜೆಯಲ್ಲಿದ್ದಳು. ಹುಡುಗಿಯ ಮಾತನ್ನು ಗುರಾಣಿಯಮ್ಮನೇ ಮೈಕಿನ ಮುಂದೆ ನಿಂತು ಆಡಿದಳು. ದಾಂಡಿಗನ ಮಾತನ್ನು ಪಕ್ಕದ ಮೇಜಿನವನ ಕೈಲಿ ಆಡಿಸಿದಳು.

ಬುಧವಾರ ಸಂಜೆ ಗಂಡ ಮತ್ತೆ ನುಗ್ಗಿದ.

"ರೀ, ಸ್ವಲ್ಪ ತಡೀರಿ! ಆ ಬೆಳಕು ನಂಗೆ ಬಿಡಿ!"

ಗಂಡ ತಟ್ಟನೆ ಗುಂಡಿಯಿಂದ ಬೆರಳೆತ್ತಿ ಅಡುಗೆಮನೆಯ ಕಡೆ ತಿರುಗಿದ. "ಏನೇ?"

"ನಾನಲ್ಲ ರೀ, ಅವಳು! ಅವಳ ಗುಂಡಿ ಒತ್ತಿ!"

ಒತ್ತಿದ. ಮಿಂಚು ಬಡಿದು ಬೆಳಕು ಚೂರಾಯಿತು. "ಅಣ್ಣ, ಕಬ್ಬಿಣ ನಂದು!" ಅಂದ ದಾಂಡಿಗ. ಕವಚ ಬಿರಿಯಿತು. ಇನ್ನುಳಿದದ್ದನ್ನು ಗಂಡ ಉಸಿರು ಬಿಗಿಹಿಡಿದು ಮುಗಿಸಿ, ಕುರ್ಚಿಯಿಂದ ಎದ್ದು ಕುಣಿದೇಬಿಟ್ಟ.

ಗುರುವಾರ ಹೊಸ ಹನ್ನೆರಡು ಜನರಲ್ಲಿ ಹನ್ನೊಂದು ಜನ ಗೆದ್ದರು. ಒಬ್ಬೊಬ್ಬರೂ ಬೆವರು ಒರೆಸಿಕೊಂಡೇ ಗೆದ್ದರು. ಕೊನೆಗೆ ಮುಖ್ಯಸ್ಥರೇ ಕೂತರು. "ರೀ" ಅನ್ನುವ ದನಿ ಕಿವಿಗೆ ಬಿದ್ದದ್ದೇ ತಡ, ಬಂದೂಕು ಗಪ್‌ಚಿಪ್!

"ಈ ದನಿ ಬದಲಾಯಿಸಬೇಡಮ್ಮ," ಅಂದರು ನಾಚಿಕೊಂಡು. "ಕಾವಲುಗಾರ ಇರಲಿ."

ಮನೆಗೆ ಹಾರಿಕೊಂಡು ಬಂದವಳು ಸುದ್ದಿ ಹೇಳಿ, ಕಣ್ಣೊರೆಸಿಕೊಂಡು, ಎಂದಿನಂತೆ ತೊಳೆಯದ ಪಾತ್ರೆಗಳ ರಾಶಿಯ ಮುಂದೆ ನಿಂತಳು. ಗಂಡ ಅಂಗಿಯ ತೋಳು ಮಡಚುತ್ತ ಬಂದ.

"ಪಾತ್ರೆ ನಂಗೆ ಬಿಡು."

"ಓಹೋ! ಹದಿನೆಂಟು ವರ್ಷದಿಂದ ಹಿಂದೆ ಸುಮ್ನೆ ನಿಂತಿದ್ರಲ್ಲ!"

"ನೀನು ಹೇಳಿದ್ರೆ ತಾನೇ!"

ಅವಳು ನಗು ತಡೆಯಲಾರದೆ ಪಾತ್ರೆ ಉಜ್ಜುವ ನಾರನ್ನು ಅವನ ಕೈಗಿಟ್ಟು, ಹೋಗಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಳು.