ಜಾಡಿಯ ಕೆಂಪು ಮಿಠಾಯಿ

ಹೇಝಲ್ ನನ್ನ ಪಕ್ಕದ ಮನೆಯವಳು. ಕಬ್ಬು ಬೆಳೆಯುವ ನಮ್ಮ ಟಲ್ಲಿ ಊರಲ್ಲಿ ಕ್ರಿಸ್ಮಸ್ ಅಂದರೆ ಮಳೆ. ಗೋಡೆ ಬೆವರುತ್ತದೆ, ಉಪ್ಪು ನೀರಾಗುತ್ತದೆ. ಅಂಥದ್ದರಲ್ಲೂ ಅವಳು ಬಣ್ಣದ ಗಾಜು ಕೂರಿಸಿದಂಥ ಬಿಸ್ಕತ್ತು ಮಾಡುವುದನ್ನು ಒಂದು ವರ್ಷವೂ ಬಿಟ್ಟವಳಲ್ಲ. ನಕ್ಷತ್ರದ ಅಚ್ಚು ಒತ್ತಿ, ನಡುವೆ ತೂತು ಮಾಡಿ, ಅರ್ಧ ಬೆಂದಾಗ ಆ ತೂತಿಗೆ ಜಜ್ಜಿದ ಮಿಠಾಯಿ ತುಂಬಬೇಕು. ಅದು ಕರಗಿ ಗಾಜಾಗುತ್ತದೆ. ಪೂರ್ತಿ ಆರುವ ತನಕ ಮುಟ್ಟಬಾರದು. ಆಮೇಲೆ ತೇವ ಹೀರಲೆಂದು ಅಕ್ಕಿ ಹಾಸಿದ ಡಬ್ಬಿಯಲ್ಲಿಡಬೇಕು, ಇಲ್ಲದಿದ್ದರೆ ಸಂಜೆಯೊಳಗೆ ಗಾಜು ಅಳಲು ಶುರು.

ಮಿಠಾಯಿ ಆರಿಸುವುದು ನನ್ನ ಕೆಲಸ. ಹಸಿರು, ಹಳದಿ ಅವಳಿಗೆ. ಕೆಂಪು ನನ್ನ ಜಾಡಿಗೆ. ಮೂವತ್ತು ವರ್ಷದಿಂದ ಹೀಗೇ. ಯಾಕೆ ಅಂತ ಇಬ್ಬರೂ ಬಾಯಿಬಿಟ್ಟು ಆಡಿದ್ದಿಲ್ಲ. ಆಗೆಲ್ಲ ಕಬ್ಬು ಕಡಿಯುವ ಮುಂಚೆ ಗದ್ದೆಗೆ ಬೆಂಕಿ ಕೊಡುತ್ತಿದ್ದರು, ಒಣ ಗರಿ, ಇಲಿ, ಹಾವು ಹೋಗಲಿ ಅಂತ. ಒಂದು ಸಂಜೆ ಗಾಳಿ ತಿರುಗಿತು. ಅವಳ ಮಗ ಡಾರಿಲ್ ಗದ್ದೆಯಲ್ಲಿ ಬೆಂಕಿ ನುಗ್ಗಿದ ಬದಿಯಲ್ಲೇ ಇದ್ದ. ಇಪ್ಪತ್ತಾರು ವರ್ಷ ಅವನಿಗೆ.

ಅವಳ ಗಂಡ ಆರ್ಚಿ ಈಗ ವೃದ್ಧಾಶ್ರಮದಲ್ಲಿದ್ದಾನೆ. ಮರೆವು. ಹೇಝಲ್‌ಳನ್ನೇ ನರ್ಸಮ್ಮ ಅನ್ನುತ್ತಾನೆ. ಹೋದ ಕ್ರಿಸ್ಮಸ್ಸಿಗೆ ಹಸಿರು ಬಿಸ್ಕತ್ತು ಕೈಗೆ ಕೊಟ್ಟರೆ, "ಕೆಂಪಿಂದೆಲ್ಲಿ? ನನ್ನ ಹೆಂಡ್ತಿ ಕೆಂಪಿಂದು ಮಾಡ್ತಿದ್ಲು" ಅಂದಿದ್ದ.

ಈ ಸಲ ಹಿಟ್ಟು ಮೆತ್ತಿದ ಕೈಯಲ್ಲೇ ಅವಳು ನನ್ನ ಬಾಗಿಲಿಗೆ ಬಂದಳು. "ಕೆಂಪು ನೋಡಿದ್ರೆ ನನ್ನ ಗುರುತು ಹಿಡಿದಾನು ಕಣೇ. ಜಾಡಿ ಕೊಡು."

"ತಿಂದು ಖಾಲಿ ಮಾಡ್ದೆ."

"ನಿನ್ನ ಬಾಯಲ್ಲಿ ಹಲ್ಲೆಲ್ಲಿವೆ ತಿನ್ನೋಕೆ? ಕೊಡು ಲೋರ್ನಾ."

"ಅವನಿಗೆ ಮಗನ್ದೂ ನೆನಪಾದ್ರೆ?"

"ಆಗ್ಲಿ. ಅವನು ಮರೆತ ಮೇಲೆ ನಾನೊಬ್ಳೇ ಹೊತ್ಕೊಂಡಿದ್ದೀನಿ."

ಕೊಟ್ಟೆ. ಒಂದೇ ಒಂದು ಮಾಡಿದಳು. ಕೆಂಪು ಕರಗುವಾಗ ಒಲೆಗೆ ಬೆನ್ನು ಹಾಕಿ ನಿಂತಳು, ನೋಡಿಕೊಂಡವಳು ನಾನು.

ಹಬ್ಬದ ದಿನ ನಾವಿಬ್ಬರೂ ಹೋದಾಗ ಆರ್ಚಿ ಕಿಟಕಿ ಪಕ್ಕ ಕೂತಿದ್ದ. ಬೇಲಿಯಾಚೆ, ಕಡಿದ ಬುಡದಿಂದ ಚಿಗುರಿದ ಮೊಣಕಾಲೆತ್ತರದ ಕೂಳೆ ಕಬ್ಬು.

"ಮೂಗು ಒರೆಸ್ಕೊಳ್ಳೋ ಆರ್ಚಿ, ಹೆಂಗಸರು ಬಂದಿದ್ದೀವಿ," ಅಂದೆ.

"ಹೆಂಗಸರಾ? ಎಲ್ಲಿ?" ಅಂತ ನಮ್ಮಿಬ್ಬರ ಹಿಂದೆ ಇಣುಕಿದ.

ಹೇಝಲ್ ಡಬ್ಬಿ ತೆಗೆದು ಬಿಸ್ಕತ್ತು ಕೊಟ್ಟಳು. ಅವನು ಅದನ್ನು ಕಣ್ಣಿಗೆ ಹಿಡಿದು ಕೆಂಪು ಗಾಜಿನೊಳಗಿಂದ ಗದ್ದೆ ಕಡೆ ನೋಡಿದ. ಬಹಳ ಹೊತ್ತು ನೋಡಿದ.

"ಬೆಂಕಿ ಹಚ್ಚಿಬಿಟ್ರಲ್ಲ. ಗಾಳಿ ಸರಿ ಇಲ್ಲ. ಹೇಝಲ್, ಡಾರಿಲ್ ಎಲ್ಲಿ?"

ನಾಲ್ಕು ವರ್ಷದ ಮೇಲೆ ಅವನ ಬಾಯಲ್ಲಿ ಅವಳ ಹೆಸರು. ಅವಳು ಕುರ್ಚಿಯ ತೋಳು ಹಿಡಿದುಕೊಂಡಳು. ನಿಜ ಹೇಳಿಬಿಡುತ್ತಾಳೆ ಅಂದುಕೊಂಡೆ.

"ಬಂದ," ಅಂದಳು. "ಹಿತ್ತಲಲ್ಲಿ ಕೈಕಾಲು ತೊಳೀತಿದ್ದಾನೆ."

"ಹಾಗಾದ್ರೆ ಊಟಕ್ಕೆ ಕಾಯೋಣ."

ಕಾದೆವು. ಹಬ್ಬದ ಊಟ ಬಂತು, ಆರಿತು. ಅವನು ಮುಟ್ಟಲಿಲ್ಲ, ನಮ್ಮನ್ನೂ ಮುಟ್ಟಗೊಡಲಿಲ್ಲ. ತಟ್ಟೆ ಹಾಗೇ ವಾಪಸ್ಸು ಒಳಗೆ ಹೋಯಿತು. ಅಷ್ಟರಲ್ಲಿ ಅವನ ಮುಷ್ಟಿಯೊಳಗೆ ಗಾಜು ಕರಗಿ ಬೆರಳ ಸಂದಿಯೆಲ್ಲ ಕೆಂಪಾಗಿತ್ತು. ಹೇಝಲ್ ಒದ್ದೆ ಬಟ್ಟೆ ತಂದು ಒಂದೊಂದೇ ಬೆರಳು ಒರೆಸಿದಳು.

ಅವನು ಅವಳ ಮುಖ ನೋಡಿದ. "ನರ್ಸಮ್ಮ, ನನ್ನ ಮಗ ಬಂದ್ನಾ?"

"ಇನ್ನೂ ತೊಳೀತಿದ್ದಾನೆ," ಅಂದಳು.