ಒಡೆಯದೆ ಇಟ್ಟ ಕಲ್ಲು

ಧಾರವಾಡದ ಎಂಜಿನಿಯರ್ ಅಡಿವೆಪ್ಪನವರು ಮೀನು ತಿನ್ನುವವರಲ್ಲ, ಆದರೆ ಕೋಟಿಗಟ್ಟಲೆ ವರ್ಷಗಳ ಹಿಂದೆ ಸತ್ತು ಕಲ್ಲಾದ ಮೀನೆಂದರೆ ಅವರಿಗೆ ಪ್ರಾಣ. ಭಾನುವಾರ ಬಂತೆಂದರೆ ಸುತ್ತಿಗೆ, ಉಳಿಗಳನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು, ತಾವೀಗ ನೆಲೆಸಿರುವ ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನಿಂದ ಹಳೆಯ ಕಲ್ಲುಗಣಿಗೆ ಹೊರಡುತ್ತಾರೆ. ಪದರಗಲ್ಲು ಸೀಳಿದರೆ ಒಂದೇ ಮೀನು ಎರಡೂ ಹೋಳಿನಲ್ಲಿ ಮೂಡಿರುತ್ತದೆ. ಸೂಜಿಮೊನೆಯಿಂದ ಒಂದೊಂದೇ ಮುಳ್ಳು ಬಿಡಿಸಿ, ಒಂದು ಹೋಳನ್ನು ತಾವಿಟ್ಟುಕೊಂಡು, ಇನ್ನೊಂದನ್ನು ಊಟಕ್ಕೆ ಬಂದವರ ಕೈಗೆ ತುರುಕುತ್ತಾರೆ. "ಪಾಲು ಅಂದ್ರ ಹಿಂಗಿರಬೇಕ್ರಿ, ಇಬ್ಬರಿಗೂ ಪೂರಾ ಮೀನು!" ಅಲ್ಲಿಂದ ಒಂದೆರಡು ಗಂಟೆ ದೂರದ ಜೆರಿಕೋ ಊರಿನವರೆಗೂ ಕನ್ನಡಿಗರ ಮನೆಯ ಟಿವಿ ಸ್ಟ್ಯಾಂಡ್‌ಗಳ ಮೇಲೆಲ್ಲ ಅವರ ಮೀನೇ. ಬಾಲದ ತುದಿಯಷ್ಟೇ ಕಾಣುವ ಒಂದು ದಪ್ಪ ಕಲ್ಲನ್ನು ಮಾತ್ರ ಅವರು ಇನ್ನೂ ಸೀಳಿಲ್ಲ. ಕೇಳಿದರೆ ಅದರ ಧೂಳು ಒರೆಸುತ್ತಾ ಹೇಳುತ್ತಾರೆ: "ಇದು ನಮ್ಮ ಅಣ್ಣಂದ್ರಿ. ನಾ ಹೊಲ ಪಾಲು ಮಾಡಿದಾಗಿಂದ ಮಾತು ಬಿಟ್ಟಾನ. ಬರ್ತಾನ, ಬರಲಾರದ ಎಲ್ಲಿ ಹೋಗ್ತಾನ? ಈ ಸಲ ಪಾಲು ಅವನ ಮಾಡ್ಲಿ."